ಯಾವ ಮಿಲಿಟ್ರಿ, ಯಾವ ಜಡ್ಜು

ನ್ಯಾಯಾಲಯಕ್ಕೆ ಬೆರಳಚ್ಚುಗಾರ್ತಿಯರಾಗಿ ಸೇರುತ್ತಿರುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳಬೇಕಾದ ಮಾತು ಇದು: ಅಲ್ಲಿ ನಿಮ್ಮನ್ನು ಯಾರೂ ನೋಡುವುದಿಲ್ಲ. ಜಡ್ಜ್ ಸಾಹೇಬರನ್ನು ನೋಡುತ್ತಾರೆ, ವಕೀಲರನ್ನು ನೋಡುತ್ತಾರೆ, ಕಟಕಟೆಯಲ್ಲಿ ನಿಂತವರನ್ನು ನೋಡುತ್ತಾರೆ. ಬಾಗಿಲಲ್ಲಿ ನಿಂತು ಹೆಸರು ಕೂಗುವ ಜವಾನನನ್ನೂ ನೋಡುತ್ತಾರೆ. ವೇದಿಕೆಯ ಕೆಳಗೆ ಯಂತ್ರದ ಹಿಂದೆ ಕೂತವಳನ್ನು ಮಾತ್ರ ನೋಡುವುದಿಲ್ಲ. ಆದರೆ ಆ ಕೋಣೆಯಲ್ಲಿ ಆಡಿದ ಮಾತು ಕಾಗದಕ್ಕೆ ಇಳಿಯಬೇಕಾದರೆ ಅವಳ ಬೆರಳಿನಿಂದಲೇ ಇಳಿಯಬೇಕು.

ನನ್ನ ಊರು ಅಜ್ಜಂಪುರ. ತರೀಕೆರೆ, ಕಡೂರು, ಆಚೀಚಿನ ಊರುಗಳು ಎಂದು ಸೇವೆಯ ಉದ್ದಕ್ಕೂ ರೈಲು, ಬಸ್ಸುಗಳಲ್ಲೇ ಓಡಾಡಿದವಳು. ಯಾವ ಕೋರ್ಟಿನಲ್ಲಿ ಏನಾಯಿತು ಎಂದು ಹೆಸರು ಹಿಡಿದು ಬರೆಯುವುದಿಲ್ಲ. ಅವಮಾನ ಮಾಡಿದವರ ಹೆಸರುಗಳೆಲ್ಲ ನನಗೆ ನೆನಪಿವೆ. ಅವು ನನ್ನಲ್ಲೇ ಇರಲಿ.

ಮೊದಲ ಕೋರ್ಟಿನಲ್ಲಿ ನನಗೆ ಕೊಟ್ಟದ್ದು ಒಂದು ಸ್ಟೂಲು. ಬೆನ್ನಿಗೆ ಆಸರೆಯಿರುವ ಕುರ್ಚಿ ಬೇಕೆಂದು ಕಚೇರಿಯ ಹಿರಿಯರಾದ ಶಿರಸ್ತೇದಾರರನ್ನು ಕೇಳಿದೆ. "ಒರಗಿ ಕೂತರೆ ನಿದ್ದೆ ಬರುತ್ತದೆ ಕಣಮ್ಮ" ಎಂದರು. ಅವರು ಕೂತು ಹೇಳಿದ್ದು ಕೈ ಇರುವ, ಬೆನ್ನಿರುವ, ಮೇಲೆ ಮೆತ್ತೆಯೂ ಇರುವ ಕುರ್ಚಿಯಲ್ಲಿ. ಮುಂದೆ ಅವರ ಬೀಳ್ಕೊಡುಗೆಯ ದಿನ ಎರಡು ಮಾತಾಡಲು ನನ್ನನ್ನೂ ಕರೆದರು. ಅವರ ಸರಳತೆ, ಸಜ್ಜನಿಕೆಗಳ ಬಗ್ಗೆ ಬೇರೆಯವರು ಆಗಲೇ ಹೇಳಿದ್ದರು. ನಾನು ಕುರ್ಚಿಯ ವಿಷಯ ಹೇಳಿ ಕೂತೆ. ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದರ ಮರುವಾರ ಕುರ್ಚಿ ಬಂತು.

ಈ ಕೆಲಸದ ಹೃದಯ ಯಾವುದೆಂದರೆ, ಸಾಕ್ಷಿ ಆಡುವ ಕನ್ನಡ ಒಂದು, ನಾವು ಟೈಪ್ ಮಾಡುವ ಕನ್ನಡ ಇನ್ನೊಂದು. ಕಟಕಟೆಯಲ್ಲಿ ನಿಂತವನು "ಮಚ್ಚು ಹಿಡ್ಕಂಡು ಬಂದ್ಬಿಟ್ಟ ಸ್ವಾಮಿ, ನಂಗೆ ಜೀವ ಬಾಯಿಗ್ ಬಂತು" ಎನ್ನುತ್ತಾನೆ. ಜಡ್ಜ್ ಸಾಹೇಬರು ಅದನ್ನು ಕೇಳಿಸಿಕೊಂಡು ನಮಗೆ ಹೇಳಿ ಬರೆಸುತ್ತಾರೆ: "ಆರೋಪಿಯು ಮಚ್ಚನ್ನು ಹಿಡಿದುಕೊಂಡು ಬಂದಿರುತ್ತಾನೆ. ನಾನು ಗಾಬರಿಗೊಂಡಿರುತ್ತೇನೆ." ಕೋರ್ಟಿನ ಕನ್ನಡದಲ್ಲಿ ಎಲ್ಲವೂ 'ಇರುತ್ತದೆ'. ಸತ್ತವನೂ ಸತ್ತಿರುತ್ತಾನೆ. ಜೀವ ಬಾಯಿಗೆ ಬಂದದ್ದು ಮಾತ್ರ ಎಲ್ಲಿಯೂ ಇರುವುದಿಲ್ಲ. ಹೀಗೆ ಮಾಡುವುದರಲ್ಲಿ ತಪ್ಪಿಲ್ಲ. ತೀರ್ಪು ಕೊಡುವವರಿಗೆ ಬೇಕಾದದ್ದು ಸಂಗತಿ. ಆದರೆ ಕಾಗದಕ್ಕೆ ಇಳಿಯದೆ ಉಳಿದದ್ದನ್ನು ಕೇಳಿಸಿಕೊಂಡವಳು ನೀವು. ಅದನ್ನು ಎಲ್ಲಿ ಇಡುತ್ತೀರಿ ಎಂದು ಯಾರೂ ನಿಮಗೆ ಹೇಳಿಕೊಡುವುದಿಲ್ಲ.

ಇನ್ನೊಂದು ಜಗಳವನ್ನೂ ಬರೆದುಬಿಡುತ್ತೇನೆ. ವಾದಿ ಗಂಡಸಾದರೆ 'ಹಾಜರಿರುತ್ತಾರೆ', ಹೆಂಗಸಾದರೆ 'ಹಾಜರಿರುತ್ತಾಳೆ'. ಇದು ನಾನು ಸೇರುವ ಮುಂಚಿನಿಂದ ನಡೆದುಬಂದ ರೂಢಿ. ನಾನು ಒಂದು ದಿನ ಎಲ್ಲರಿಗೂ 'ಇರುತ್ತಾರೆ' ಎಂದೇ ಹೊಡೆಯತೊಡಗಿದೆ. ಹೇಳಿದ್ದನ್ನು ಟೈಪ್ ಮಾಡುವುದಷ್ಟೇ ನನ್ನ ಕೆಲಸವೆಂದು ನನಗೆ ಮೆಮೊ ಕೊಟ್ಟರು. ಮೆಮೊದ ಒಕ್ಕಣೆಯಲ್ಲಿ ನನ್ನನ್ನೂ 'ಸದರಿಯವಳು' ಎಂದು ಬರೆದಿದ್ದರು. ಅದಕ್ಕೆ ಉತ್ತರವನ್ನು ನಾನೇ ಟೈಪ್ ಮಾಡಿ ಕೊಟ್ಟೆ. ಆ ಉತ್ತರದಲ್ಲಿ ಅವರನ್ನು ಏಕವಚನದಲ್ಲಿ ಬರೆಯಲಿಲ್ಲ. ನನ್ನ ತಾಯಿ ನನ್ನನ್ನು ಹಾಗೆ ಬೆಳೆಸಿರಲಿಲ್ಲ.

ಈಗ ಹಾಲಮ್ಮನವರ ಸಂಗತಿಗೆ ಬರುತ್ತೇನೆ. ಅದಕ್ಕಾಗಿಯೇ ಈ ಬರಹವನ್ನು ಶುರು ಮಾಡಿದ್ದು.

ಪಾಕಿಸ್ತಾನದಲ್ಲಿ ಸೇನಾಧಿಪತಿಯೇ ದೇಶ ಆಳುತ್ತಿದ್ದ ಕಾಲ. ತನಗೆ ಮಣಿಯದ ನ್ಯಾಯಾಧೀಶರನ್ನು ಆತ ಪೀಠದಿಂದ ಇಳಿಸಿ, ಮನೆಯಿಂದ ಹೊರಬಾರದಂತೆ ಪಹರೆ ಹಾಕಿಸಿದ. ಅಲ್ಲಿನ ವಕೀಲರು ಕರಿ ಕೋಟಿನಲ್ಲೇ ಬೀದಿಗಿಳಿದು ಲಾಠಿ ಏಟು ತಿಂದರು. ಕ್ಯಾಂಟೀನಿನ ಟಿವಿಯಲ್ಲಿ ದಿನವೂ ಅದೇ. ನಮ್ಮ ಕಡೆ ಜನ ಆ ದೇಶದ ಸುದ್ದಿಯನ್ನು ಕ್ರಿಕೆಟ್ಟು ಇದ್ದಾಗ ಬಿಟ್ಟರೆ ಅಷ್ಟು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಬೆಳಗಿನ ರೈಲಿನಲ್ಲಿ ನನ್ನ ಎದುರಿಗೆ ಕೂರುತ್ತಿದ್ದ ಕೊಬ್ಬರಿ ವ್ಯಾಪಾರಿ, "ಅವರ ದೇಶದ ಹಣೆಬರಹ ಕಣ್ರೀ, ನಮಗ್ಯಾಕೆ? ನಮ್ಮಲ್ಲಾದ್ರೆ ಜಡ್ಜನ್ನ ಯಾರೂ ಕೂಡಿ ಹಾಕಲ್ಲ, ವರ್ಗ ಮಾಡ್ತಾರೆ" ಎಂದರು.

ಪಕ್ಕದಲ್ಲಿದ್ದ ನಿವೃತ್ತ ಮೇಷ್ಟರು ಪತ್ರಿಕೆ ಮಡಿಸಿ, "ನಗಬೇಡಿ. ಎಮರ್ಜೆನ್ಸಿ ನೋಡಿದವರು ನಾವು" ಎಂದು ಶುರು ಮಾಡಿದರು. ಬೀರೂರು ಬರುವವರೆಗೂ ಮುಗಿಸಲಿಲ್ಲ. ಬಾಗಿಲ ಬಳಿ ಹೂವಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಎಲ್ಲವನ್ನೂ ಕೇಳಿ, "ಅಲ್ಲ ಮೇಷ್ಟ್ರೇ, ಜಡ್ಜನ್ನೇ ಕೂಡಿ ಹಾಕಿದ್ರೆ, ಬಿಡಿಸಿ ಅಂತ ಯಾವ ಕೋರ್ಟಿಗೆ ಹೋಗ್ಬೇಕು?" ಎಂದಳು. ಮೇಷ್ಟರು ಅದಕ್ಕೂ ಉತ್ತರ ಶುರು ಮಾಡುವಷ್ಟರಲ್ಲಿ ನಿಲ್ದಾಣ ಬಂತು.

ನಮ್ಮ ವಕೀಲರಲ್ಲೂ ಆವೇಶ ಹುಟ್ಟಿತು. ಒಬ್ಬ ಎಳೆಯ ವಕೀಲರು ಒಂದು ದಿನ ಕಲಾಪ ಬಹಿಷ್ಕರಿಸೋಣ ಎಂದರು. ಒಬ್ಬ ಹಿರಿಯರು, "ನನ್ನ ಪಾರ್ಟಿ ಚೌಳಹಿರಿಯೂರಿಂದ ಬಸ್ ಹತ್ತಿ ಬಂದಿರ್ತಾನಪ್ಪ. ಲಾಹೋರ್‌ನಲ್ಲಿ ಗಲಾಟೆ, ವಾಪಸ್ ಹೋಗು ಅಂತ ನೀನೇ ಹೇಳ್ತೀಯಾ?" ಎಂದು ಕೇಳಿದರು. ಕೊನೆಗೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳುವುದೆಂದು ತೀರ್ಮಾನವಾಯಿತು. ಕಟ್ಟಿಕೊಂಡು ಬಂದರು. ನಮ್ಮ ಜವಾನ ಅವರನ್ನು ಮೇಲಿಂದ ಕೆಳಕ್ಕೆ ನೋಡಿ, "ಕರಿ ಕೋಟಿನ ಮ್ಯಾಲೆ ಕರಿ ಪಟ್ಟಿ ಯಾರಿಗ್ ಕಾಣ್ಬೇಕು ಸಾಮಿ?" ಎಂದ. ಮಧ್ಯಾಹ್ನದ ಹೊತ್ತಿಗೆ ಬಿಚ್ಚಿದರು.

ಇದೇ ಸಮಯಕ್ಕೆ ಸರಿಯಾಗಿ ನಮ್ಮ ಜಡ್ಜ್ ಸಾಹೇಬರಿಗೆ ಮೈಮೇಲೆ ಅಮ್ಮ ಎದ್ದಿತು, ಸೀತಾಳೆ ಸಿಡುಬು. ಇನ್ನೂ ಮದುವೆಯಾಗದ, ದೂರದ ಊರಿಂದ ಬಂದ ಎಳೆಯ ಅಧಿಕಾರಿ. ಮೈ ತುಂಬ ಗುಳ್ಳೆ. ವಸತಿಗೃಹದಿಂದ ಹೊರಗೆ ಬರುವಂತಿರಲಿಲ್ಲ. ಅವರ ಮನೆಯ ಗೇಟಿಗೆ ಎಂದಿನಂತೆ ಒಬ್ಬ ಪೊಲೀಸು ಪೇದೆ ಕಾವಲಿಗಿರುತ್ತಿದ್ದ. ಮುಖ್ಯವಾದ ಕೇಸುಗಳಿಗೆಲ್ಲ ಕಚೇರಿಯವರು ಮುಂದಿನ ವಾಯಿದೆ ಹಾಕಿ ಕಳಿಸುತ್ತಿದ್ದರು.

ಹಾಗೆ ವಾಯಿದೆ ಬಿದ್ದ ಕೇಸುಗಳಲ್ಲಿ ಹಾಲಮ್ಮನವರದ್ದೂ ಒಂದು. ಚೌಳಹಿರಿಯೂರಿನ ಆಚೆಯ ಒಂದು ಹಳ್ಳಿ ಅವರ ತವರು. ಕೊಟ್ಟದ್ದು ದೇವನೂರಿನ ಕಡೆಗೆ. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯ ಹಿತ್ತಲ ಕೋಣೆಯೊಂದರಲ್ಲಿದ್ದರು. ಆ ಕೋಣೆಯಲ್ಲಿ ಮೈದುನನ ಗೊಬ್ಬರದ ಚೀಲಗಳೂ ಇದ್ದವು. ತಂದೆಯ ಜಮೀನಿನಲ್ಲಿ ತನ್ನ ಪಾಲು ಕೊಡು ಎಂದು ಅಣ್ಣನನ್ನು ಕೇಳಿದರು. ಅಣ್ಣ, ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ ಎಂದ. ದಾವೆ ಬಿತ್ತು. ಪಾಲು ಸಿಕ್ಕರೆ ತನ್ನದೆನ್ನುವ ನೆಲ. ಸಿಗದಿದ್ದರೆ ಕೊನೆಯವರೆಗೂ ಆ ಚೀಲಗಳ ನಡುವೆ. ಅವರ ಪಾಲಿಗೆ ಕೇಸೆಂದರೆ ಇಷ್ಟೇ.

ಅಣ್ಣ ಓಂಕಾರಪ್ಪ ಸೈನ್ಯದಲ್ಲಿದ್ದು ನಿವೃತ್ತನಾಗಿ ಬಂದವನು. ಆ ಹಳ್ಳಿಯಿಂದ ಸೈನ್ಯಕ್ಕೆ ಹೋದವನು ಅವನೊಬ್ಬನೇ. ಆದ್ದರಿಂದ ಊರಿನಲ್ಲಿ ಅವನನ್ನು ಯಾರೂ ಓಂಕಾರಪ್ಪ ಎನ್ನುತ್ತಿರಲಿಲ್ಲ. 'ಮಿಲಿಟ್ರಿ' ಎಂದರೆ ಅವನು. ಅವನ ಹೊಲ ಮಿಲಿಟ್ರಿ ಹೊಲ, ಹೆಂಡತಿ ಮಿಲಿಟ್ರಿಯಮ್ಮ, ಅವರ ಮನೆಯ ನಾಯಿ ಮಿಲಿಟ್ರಿ ನಾಯಿ. ಕೋರ್ಟಿಗೆ ಬಂದರೆ ಬೆಂಚಿದ್ದರೂ ಕೂರುತ್ತಿರಲಿಲ್ಲ. ಗೋಡೆಗೆ ಬೆನ್ನು ತಾಗಿಸದೆ ಕೈ ಹಿಂದೆ ಕಟ್ಟಿ ನಿಲ್ಲುತ್ತಿದ್ದ. ತಂಗಿ ಇನ್ನೊಂದು ಮೂಲೆಯಲ್ಲಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೂರುತ್ತಿದ್ದರು. ಇಬ್ಬರ ನಡುವೆ ಮಾತಿರಲಿಲ್ಲ.

ಜಡ್ಜ್ ಸಾಹೇಬರು ಬಾರದ ಆ ವಾಯಿದೆಯ ದಿನ ನಡೆದದ್ದನ್ನು ಹಾಲಮ್ಮನವರೇ ಆಮೇಲೆ ನನಗೆ ಹೇಳಿದರು. ಸಾಹೇಬರು ಎಲ್ಲಿ ಎಂದು ಜವಾನನನ್ನು ಕೇಳಿದ್ದಾರೆ. ಅಮ್ಮ ಎದ್ದ ವಿಷಯವನ್ನು ಬಾಯಿಬಿಟ್ಟು ಹೇಳಲು ಹೆದರಿ ಅವನು, "ಮನೇಲವ್ರೆ ಕಣಮ್ಮ, ಆಚೆ ಬರಂಗಿಲ್ಲ" ಎಂದಿದ್ದಾನೆ. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಸಾಹೇಬರ ಮನೆ. ಗೇಟಿನಲ್ಲಿ ಪೊಲೀಸು. ಕಿಟಕಿಗಳೆಲ್ಲ ಮುಚ್ಚಿವೆ. ನಿಲ್ದಾಣದ ಟೀ ಅಂಗಡಿಯಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದಾನೆ: "ಮಿಲಿಟ್ರಿಯೋನು ಜಡ್ಜನ್ನ ಮನೇಲಿ ಕೂಡಿ ಹಾಕವ್ನಂತೆ ಕಣೋ. ಪೊಲೀಸ್ ಕಾವಲು ಬ್ಯಾರೆ. ನೋಡ್ತಿರು, ಆ ಮಿಲಿಟ್ರಿಯೋನ್ನ ಸುಮ್ನೆ ಬಿಡಾಕಿಲ್ಲ. ಇವತ್ತಲ್ಲ ನಾಳೆ ನೇಣಿಗೆ ಹಾಕ್ತಾರೆ."

ಹಾಲಮ್ಮನವರಿಗೆ ಗೊತ್ತಿದ್ದ ಮಿಲಿಟ್ರಿ ಒಬ್ಬನೇ. ಗೊತ್ತಿದ್ದ ಜಡ್ಜೂ ಒಬ್ಬರೇ.

ಸಾಹೇಬರು ಮತ್ತೆ ಕೂರತೊಡಗಿದ ಮೊದಲ ವಾರವೇ ಹಾಲಮ್ಮ ತಮ್ಮ ವಕೀಲರನ್ನು ಹಿಡಿದು, ಕೇಸು ವಾಪಸ್ ತೆಗೆದುಕೊಳ್ಳಬೇಕೆಂದು ಹಠ ಮಾಡಿ ಬಂದರು. ವಕೀಲರಿಗೆ ತಲೆಬುಡ ತಿಳಿಯಲಿಲ್ಲ. ಅಣ್ಣ ಹೆದರಿಸಿರಬೇಕು ಎಂದುಕೊಂಡರು. ಸಾಹೇಬರಿಗೂ ಅದೇ ಅನುಮಾನ. ಹಾಲಮ್ಮನವರನ್ನು ಕಟಕಟೆಗೆ ಕರೆಸಿದರು. ನಾನು ಹೊಸ ಹಾಳೆ ಹಾಕಿದೆ.

"ಯಾಕಮ್ಮ ಕೇಸು ಬೇಡ ಅಂತೀರಿ? ಯಾರಾದ್ರೂ ಹೆದರಿಸಿದ್ರಾ?"

"ಇಲ್ಲ ಬುದ್ಧಿ."

"ಮತ್ತೆ?"

ಹಾಲಮ್ಮ ಕಟಕಟೆಯ ಮರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ನನಗೆ ನೆಲ ಬ್ಯಾಡ. ಏನೂ ಬ್ಯಾಡ. ನಮ್ಮಣ್ಣ ತಿಳೀದೆ ಮಾಡವ್ನೆ, ಬಿಟ್ಬಿಡಿ. ನೇಣಿಗೆ ಮಾತ್ರ ಹಾಕ್ಬ್ಯಾಡಿ ಬುದ್ಧಿ."

"ಏನು ಮಾಡಿದ್ದಾರೆ ನಿಮ್ಮಣ್ಣ?"

"ನಿಮ್ಮನ್ನ ಮನೇಲಿ ಕೂಡಿ ಹಾಕಿರ್ನಿಲ್ವಾ?"

ಯಂತ್ರದ ಮೇಲೆ ನನ್ನ ಬೆರಳು ನಿಂತಿತು. ಸಾಹೇಬರು ಒಂದೊಂದಾಗಿ ಕೇಳುತ್ತ ಹೋದರು. ಟೀ ಅಂಗಡಿ ಬಂತು, ಗೇಟಿನ ಪೊಲೀಸು ಬಂದ, ಮಿಲಿಟ್ರಿಯೋನು ಬಂದ. ಯಾವ ಮಿಲಿಟ್ರಿ, ಯಾವ ಜಡ್ಜು ಎಂದು ಕೋಣೆಗೆ ಹೊಳೆದ ಕ್ಷಣದಲ್ಲಿ ವಕೀಲರೆಲ್ಲ ಒಟ್ಟಿಗೆ ನಕ್ಕರು. ಕಪ್ಪು ಪಟ್ಟಿ ಕಟ್ಟಿಕೊಂಡು ಬಂದಿದ್ದ ಅದೇ ಎಳೆಯ ವಕೀಲರು ನನ್ನ ಕಡೆ ಬಾಗಿ, "ಮೇಡಂ, ‘ನಗು’ ಅಂತ ಬ್ರಾಕೆಟ್‌ನಲ್ಲಿ ಹಾಕಿ" ಎಂದರು. ಅವರು ಈಗ ದೊಡ್ಡ ವಕೀಲರು. ಎದುರಾದಾಗ ಕೈ ಮುಗಿಯುತ್ತಾರೆ. ನಾನು ಮುಗಿಯುವುದಿಲ್ಲ. ಕಾರಣ ಅವರಿಗೆ ನೆನಪಿಲ್ಲ, ನನಗಿದೆ.

ಸಾಹೇಬರು ನಗಲಿಲ್ಲ. ಆ ಒಂದು ಕಾರಣಕ್ಕೆ, ನಾನು ಕಂಡ ಅಧಿಕಾರಿಗಳಲ್ಲೆಲ್ಲ ಅವರನ್ನು ನಾನು ಬೇರೆಯಾಗಿ ನೆನೆಯುತ್ತೇನೆ. ಅವರು ಕೋಟಿನ ತೋಳನ್ನು ಮೇಲಕ್ಕೆ ಸರಿಸಿ, ಕಲೆ ತುಂಬಿದ ಕೈಯನ್ನು ಮುಂದೆ ಚಾಚಿದರು.

"ನೋಡಮ್ಮ, ನನ್ನನ್ನ ಯಾರೂ ಕೂಡಿ ಹಾಕಿರಲಿಲ್ಲ. ನನಗೆ ಅಮ್ಮ ಎದ್ದಿತ್ತು. ಆ ಪೊಲೀಸು ದಿನಾ ಇರೋನೇ. ಆ ಮಿಲಿಟ್ರಿ ಪಾಕಿಸ್ತಾನದ್ದು, ಜಡ್ಜುಗಳೂ ಅಲ್ಲಿನೋರೇ."

ಹಾಲಮ್ಮ ಕಟಕಟೆಯಿಂದ ಕತ್ತು ಚಾಚಿ ಆ ಕೈಯನ್ನು ಬಹಳ ಹೊತ್ತು ನೋಡಿದರು. ಕೇಸು, ನೇಣು, ಪಾಕಿಸ್ತಾನ ಎಲ್ಲವೂ ಅವರ ಮುಖದಿಂದ ಹೋಯಿತು.

"ಕೆರ್ಕಂಡ್ಬಿಟ್ಟಿದ್ದೀರಲ್ಲ ಬುದ್ಧಿ. ಬೇವಿನಸೊಪ್ಪಿನ ನೀರು ಹಾಕೋರು ಯಾರೂ ಇರ್ನಿಲ್ವಾ ಮನೇಲಿ?"

"ಇರಲಿಲ್ಲಮ್ಮ" ಎಂದರು ಸಾಹೇಬರು. ತೋಳನ್ನು ಕೆಳಗೆ ಎಳೆದುಕೊಂಡು ಕಡತದ ಹಾಳೆ ತಿರುಗಿಸಿದರು.

ಗೋಡೆಯ ಬಳಿ ನಿಂತಿದ್ದ ಓಂಕಾರಪ್ಪ ಆಗ ಮುಂದೆ ಬಂದ. ಅವನ ವಕೀಲರು ತೋಳು ಹಿಡಿದರೂ ನಿಲ್ಲಲಿಲ್ಲ. ಮೊದಲು ಸಾಹೇಬರಿಗೆ ನೆಟ್ಟಗೆ ಸಲ್ಯೂಟ್ ಹೊಡೆದ. ಆಮೇಲೆ ತಂಗಿಯ ಕಡೆ ತಿರುಗಿದ.

"ಲೇ ಹಾಲಿ, ನಾನು ಅಂಥಾ ಕೆಲಸ ಮಾಡೋನು ಅಂತ ನಂಬಿದ್ಯೇನೇ? ನಮ್ಮ ಮಿಲಿಟ್ರಿ ಅಂಥದ್ದಲ್ಲ ಕಣೇ. ನಮ್ದು ಕೋರ್ಟಿಗೆ ತಲೆ ಬಗ್ಸೋ ಮಿಲಿಟ್ರಿ."

"ಊರ್ ತುಂಬ ಇರೋ ಮಿಲಿಟ್ರಿ ನೀನೊಬ್ನೇ ಅಲ್ವೇನಣ್ಣ, ನಾನ್ ಇನ್ಯಾರು ಅಂದ್ಕಳ್ಳಿ?"

"ಜಡ್ಜ್ ಸಾಹೇಬ್ರನ್ನ ಕೂಡಿ ಹಾಕ್ತೀನಾ ನಾನು?"

"ಅಪ್ಪ ಬೈದ ಅಂತ ಮೂರ್ ಹೊತ್ತು ಮಾವಿನ ಮರದ ಮ್ಯಾಲೇ ಕುಂತಿದ್ದೋನಲ್ವಾ ನೀನು? ಹಠ ಹಿಡಿದ್ರೆ ಏನ್ ಬೇಕಾದ್ರೂ ಮಾಡ್ತೀಯ. ಅವತ್ತು ಮರಕ್ಕೆ ಹಗ್ಗ ಕಟ್ಟಿ ರೊಟ್ಟಿ ಏರ್ಸಿದ್ದು ಯಾರು?"

ಓಂಕಾರಪ್ಪನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. "ನೀನೇ" ಎಂದ. ಕೋಣೆಯಲ್ಲಿ ಈಗ ಯಾರೂ ನಗುತ್ತಿರಲಿಲ್ಲ. "ನಂಬಿದ್ದಕ್ಕೆ ಬೇಜಾರಿಲ್ಲ ಸ್ವಾಮಿ" ಎಂದು ಸಾಹೇಬರಿಗೆ ಹೇಳಿದ. "ನಂಬಿ, ನನ್ನನ್ನ ಬಿಡಿಸಕ್ಕೆ ಅಂತ ಪಾಲೇ ಬಿಟ್ಕೊಡಕ್ಕೆ ಬಂದ್ಬಿಟ್ಲಲ್ಲ."

ಇಲ್ಲಿಗೆ ಇಬ್ಬರೂ ರಾಜಿಯಾಗುತ್ತಾರೆ ಎಂದು ನಾನು ಎಣಿಸಿದೆ. ಸಾಹೇಬರೂ ಹಾಗೇ ಎಣಿಸಿರಬೇಕು. ಪೆನ್ನು ಕೆಳಗಿಟ್ಟು ಕೇಳಿದರು:

"ಈಗ ಹೇಳಮ್ಮ. ನಿಮ್ಮಣ್ಣ ಏನೂ ಮಾಡಿಲ್ಲ, ಅವರಿಗೆ ಯಾವ ಶಿಕ್ಷೆಯೂ ಇಲ್ಲ. ಕೇಸು ಇಟ್ಕೋತೀರೋ, ಬಿಡ್ತೀರೋ?"

ಹಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅಣ್ಣನನ್ನೊಮ್ಮೆ ನೋಡಿದರು.

"ಅವ್ನು ಏನೂ ಮಾಡಿಲ್ಲ ಅಂದ್ಮ್ಯಾಲೆ ಯಾಕ್ ಬಿಡ್ಲಿ ಬುದ್ಧಿ? ಕೇಸು ನಡೀಲಿ."

ಈ ಸಲದ ನಗುವಿನಲ್ಲಿ ನಾನೂ ಇದ್ದೆ. ಓಂಕಾರಪ್ಪ ಸೂರು ನೋಡುತ್ತ ನಿಂತಿದ್ದ, ಆದರೆ ಮೀಸೆ ಅಲುಗುತ್ತಿತ್ತು.

ಸಾಹೇಬರು ಹೇಳಿ ಬರೆಸಿದರು: "ವಾದಿಯು ಖುದ್ದು ಹಾಜರಿದ್ದು, ದಾವೆಯನ್ನು ಮುಂದುವರಿಸಲು ಇಚ್ಛಿಸಿರುತ್ತಾಳೆ." ಇಷ್ಟೇ. ಮಾವಿನ ಮರ, ರೊಟ್ಟಿ, ಬೇವಿನ ನೀರು, ನೇಣು ಯಾವುದಕ್ಕೂ ಕೋರ್ಟಿನ ಕನ್ನಡದಲ್ಲಿ ಜಾಗವಿರಲಿಲ್ಲ. ನಾನು 'ಇಚ್ಛಿಸಿರುತ್ತಾರೆ' ಎಂದು ಹೊಡೆದೆ. ಸಾಹೇಬರು ಓದಿ, ಆ ಪದದ ಮೇಲೆ ಕ್ಷಣ ನಿಂತು, ಸಹಿ ಹಾಕಿದರು.

ಆ ಸಂಜೆ ಬಸ್ ನಿಲ್ದಾಣದಲ್ಲಿ ಅಣ್ಣತಂಗಿಯರು ಒಂದೇ ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ಕಂಡು ಹಾಲಮ್ಮ ಪಕ್ಕಕ್ಕೆ ಸರಿದು, "ಬನ್ನಿ ತಾಯಿ, ಅಲ್ಲಿ ಕುಟ್ತಾ ಕುಂತಿದ್ದೋರು ನೀವೇ ಅಲ್ವಾ?" ಎಂದು ಜಾಗ ಕೊಟ್ಟರು. ನನ್ನ ಸೇವೆಯಲ್ಲಿ ಕಕ್ಷಿದಾರರೊಬ್ಬರು ನನ್ನನ್ನು ನೋಡಿದ್ದೇನೆ ಎಂದು ಹೇಳಿದ್ದು ಅದೇ ಮೊದಲು. ಟೀ ಅಂಗಡಿಯ ಕಥೆಯನ್ನು ಅವರು ನನಗೆ ಪೂರ್ತಿಯಾಗಿ ಹೇಳಿದ್ದು ಅಲ್ಲೇ. ಪಕ್ಕದಲ್ಲಿ ಓಂಕಾರಪ್ಪ ಕಡಲೆಕಾಯಿ ಸುಲಿಯುತ್ತ, ಸುಲಿದದ್ದನ್ನು ತಂಗಿಯ ಕೈಗೆ ಹಾಕುತ್ತ, "ಪಾಲು ಮಾತ್ರ ಕೊಡಾಕಿಲ್ಲ, ತಿಳ್ಕ" ಎನ್ನುತ್ತಿದ್ದ. "ನೀನ್ ಕೊಡೋದೇನು, ಕೋರ್ಟು ಕೊಡ್ತದೆ" ಎಂದು ಅವರು ತಿನ್ನುತ್ತಿದ್ದರು.

ಮುಂದಿನ ವಾಯಿದೆಗಳಿಗೆಲ್ಲ ಇಬ್ಬರೂ ಬಸ್ ನಿಲ್ದಾಣದಲ್ಲಿ ಒಬ್ಬರಿಗೊಬ್ಬರು ಕಾದು ಒಟ್ಟಿಗೆ ಬಂದರು. ಅಣ್ಣ ನಿಂತಿರುತ್ತಿದ್ದ, ತಂಗಿ ಕೂತಿರುತ್ತಿದ್ದರು. ವಕೀಲರು ಒಬ್ಬರ ಮೇಲೊಬ್ಬರು ಹರಿಹಾಯುತ್ತಿದ್ದರು. ಮಧ್ಯಾಹ್ನ ಅಣ್ಣತಂಗಿಯರು ಹೊಂಗೆಮರದ ಕೆಳಗೆ ಒಂದೇ ಬುತ್ತಿ ಬಿಚ್ಚುತ್ತಿದ್ದರು. ಹೀಗೆಯೂ ದಾವೆ ನಡೆಸಬಹುದೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ.

ಆ ಸಾಹೇಬರಿಗೆ ವರ್ಗವಾಯಿತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ತಪ್ಪಾದರೆ ಕಾರ್ಬನ್ ಹಾಳೆಗಳ ಮೇಲೆಲ್ಲ ರಬ್ಬರು ಉಜ್ಜುವ ಪಾಡು ತಪ್ಪಿತು. ತಪ್ಪಿನ ಗುರುತೇ ಉಳಿಯದಂತಾಯಿತು. ಅದು ಅಷ್ಟು ಒಳ್ಳೆಯದೆಂದು ನನಗೆ ಅನಿಸಿಲ್ಲ. ಈಗ ಸಾಕ್ಷಿ ಎಲ್ಲೋ ದೂರದಿಂದ ಪರದೆಯ ಮೇಲೆ ಮಾತಾಡುತ್ತಾನೆ, ಆಡಿದ ಮಾತನ್ನು ಯಂತ್ರವೇ ಬರೆದುಕೊಳ್ಳುವ ಕಾಲವೂ ಬಂದಿದೆಯಂತೆ. ಬರೆದುಕೊಳ್ಳಲಿ. ಆ ಯಂತ್ರಕ್ಕೆ ಯಾವ ಮಿಲಿಟ್ರಿ ಎಂದು ಯಾರು ಹೇಳುತ್ತಾರೋ ನೋಡೋಣ.

ಹಾಲಮ್ಮನವರ ತೀರ್ಪು ಬಂದಾಗ ನನ್ನನ್ನು ನಕಲು ಶಾಖೆಗೆ ಹಾಕಿದ್ದರು. ಅದೂ ಒಂದು ಶಿಕ್ಷೆಯೇ. ಅದರ ಹಿಂದಿನ ಕಥೆಯನ್ನು ಇಲ್ಲಿ ಹೇಳಲು ಜಾಗ ಸಾಲದು. ಹೊಸ ಸಾಹೇಬರು ತಂಗಿಗೂ ಪಾಲಿದೆ ಎಂದು ಬರೆದಿದ್ದರು. ತೀರ್ಪಿನ ನಕಲು ಪಡೆಯಲು ಓಂಕಾರಪ್ಪ ನನ್ನ ಕಿಟಕಿಗೆ ಬಂದ. ಸೋತವರು ನಕಲು ಕೇಳುವುದು ಸಾಮಾನ್ಯವಾಗಿ ಮೇಲಿನ ಕೋರ್ಟಿಗೆ ಹೋಗಲು. ಹೋದರೆ ಇನ್ನೂ ಎಷ್ಟೋ ವರ್ಷ, ಹಾಲಮ್ಮನವರಿಗೆ ಅದೇ ಹಿತ್ತಲ ಕೋಣೆ. ಕೇಳಬಾರದು, ಆದರೆ ಕೇಳಿದೆ.

"ಅಪೀಲು ಹೋಗ್ತೀರಾ?"

"ವಕೀಲ್ರು ಹೋಗು ಅಂತಾರೆ ತಾಯಿ. ನಮ್ಮ ಮನೆಯೋಳೂ ಹೋಗು ಅಂತಾಳೆ." ಅವನು ಕಿಟಕಿಯ ಸರಳು ಹಿಡಿದು ನಿಂತ. "ಊರಿಗೆಲ್ಲ ಮಿಲಿಟ್ರಿ ಅಂದ್ರೆ ನಾನೊಬ್ನೇ. ಕೋರ್ಟ್ ಹೇಳಿದ್ದ ನಾನು ಕೇಳ್ದೆ ಹೋದ್ರೆ, ನಮ್ಮ ಹಾಲಿ ಅವತ್ತು ಅಂದ್ಕಂಡಿದ್ದೇ ನಿಜ ಆಗೋಯ್ತದಲ್ಲ."

ಅಪೀಲು ಹೋಗುವುದೂ ಕಾನೂನು ಕೊಟ್ಟ ಹಕ್ಕೇ, ಅದು ಕೋರ್ಟಿನ ಮಾತು ಮೀರಿದಂತೆ ಅಲ್ಲ. ಈ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ನಕಲಿನ ಪ್ರತಿ ಹಾಳೆಗೂ ಮುದ್ರೆ ಒತ್ತಿ ಕೊಟ್ಟೆ.

"ಬಾವಿ ಇರೋ ಕಡೆ ಭಾಗ ಅವಳಿಗೆ ಬಿಡ್ತೀನಿ ತಾಯಿ" ಎಂದ, ಹಾಳೆಗಳನ್ನು ಮಡಿಸಿ ಅಂಗಿಯ ಒಳಗೆ ಇಟ್ಟುಕೊಳ್ಳುತ್ತ.

"ಮತ್ತೆ ನಿಮಗೆ ನೀರು?"

"ಅವಳನ್ನೇ ಕೇಳ್ತೀನಿ."

"ಕೊಡ್ತಾರಾ?"

"ಮೊದ್ಲು ಬೈತಾಳೆ" ಎಂದ. "ಬೈದು, ಕೊಡ್ತಾಳೆ."